ಮೊಮ್ಮಗಳಿಗೂ ಅನ್ವಯಿಸುವ ಷರತ್ತು

ಅಧ್ಯಕ್ಷರೂ ಈ ಸಂಗೀತ ಶಾಲೆಯ ಒಡೆಯರೂ ಆದ ಚೇತನ್ ಅವರೇ, ಅತಿಥಿಗಳೇ, ಈ ಸಮಾಮಿಶ್ ಊರಿನ ತಂದೆತಾಯಂದಿರೇ, ನನ್ನ ಮಕ್ಕಳೇ, ಸಭಿಕರೇ,

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ವಸಂತಲಕ್ಷ್ಮಿ ಟೀಚರ್ ಇಲ್ಲದೆ ಶಾಲೆ ಬಿಕೋ ಎನ್ನುತ್ತದೆ ಎಂದಿರಿ. ಸಂತೋಷ. ನನ್ನ ಮನೆಯಿರುವ ಸ್ನೊಕ್ವಾಲ್ಮಿಯಿಂದ ಇಲ್ಲಿಗೆ ಡ್ರೈವ್ ಮಾಡಲು ನನ್ನ ಕಣ್ಣು ಇನ್ನು ಒಪ್ಪುವುದಿಲ್ಲ, ಅದಕ್ಕೇ ಹೊರಟೆ. ರಸ್ತೆಯಲ್ಲಿ ನನ್ನ ಕಾರಿನ ಹಿಂದೆ ಸಿಕ್ಕಿಕೊಳ್ಳುತ್ತಿದ್ದವರಿಗೂ ಇವತ್ತು ಸಂತೋಷವೇ ಆಗಿರಬೇಕು.

ಇನ್ನು ಮನೆಯಲ್ಲೇ ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತೀರಲ್ಲ ಎಂದು ಹಲವರು ಕೇಳಿದಿರಿ. ಇಲ್ಲ. ಯಾಕಿಲ್ಲ? ಕೆಲಸಕ್ಕೆ ಸೇರುವಾಗ ಒಂದು ಕರಾರಿಗೆ ಸಹಿ ಹಾಕಿದ್ದೆ. ಓದಿದೆನೇ? ಓದಲಿಲ್ಲ. ಚೇತನ್ ಅವರು ಕಾಫಿಯ ಪಕ್ಕ ಕಾಗದ ಇಟ್ಟು, "ಸುಮ್ನೆ ಫಾರ್ಮಾಲಿಟಿ ಅಮ್ಮಾ, ಸೈನ್ ಮಾಡಿ" ಎಂದರು. ಈ ಅಮೆರಿಕದಲ್ಲಿ ಸಿಕ್ಕ ನಮ್ಮ ಮೈಸೂರಿನ ಹುಡುಗ, ಮಗನ ವಯಸ್ಸು. ಅವರೆದುರು ಕನ್ನಡಕ ಏರಿಸಿ ಓದತೊಡಗಿದರೆ ನಂಬಲಿಲ್ಲವೆಂದಾಗುತ್ತಿತ್ತಲ್ಲ. ನಮ್ಮವರ ಮುಂದೆ ಓದಲು ನಮಗೆ ನಾಚಿಕೆ.

ಆ ಕರಾರಿನ ಪ್ರಕಾರ, ಶಾಲೆ ಬಿಟ್ಟ ಮೇಲೆ ಎರಡು ವರ್ಷ ಇಲ್ಲಿನ ಯಾವ ವಿದ್ಯಾರ್ಥಿಗೂ, ಹಣ ಪಡೆದಾಗಲಿ ಪಡೆಯದೆಯಾಗಲಿ, ನಾನು ಸಂಗೀತ ಕಲಿಸುವಂತಿಲ್ಲ. ಸಿರಿ ಇಲ್ಲಿನ ವಿದ್ಯಾರ್ಥಿನಿ. ಸಿರಿ ನನ್ನ ಮೊಮ್ಮಗಳು. ಮನೆಯಲ್ಲಿ ಕಲಿಸಿದರೆ ಶಿಸ್ತು ಬರುವುದಿಲ್ಲವೆಂದು ನಾನೇ ತಂದು ಸೇರಿಸಿದ್ದೆ.

"ಮೊಮ್ಮಗಳನ್ನಾದ್ರೂ ಬಿಡಪ್ಪ" ಎಂದು ಚೇತನ್ ಅವರನ್ನು ಕೇಳಿದೆ. "ಒಬ್ರಿಗೆ ಬಿಟ್ರೆ ಎಲ್ರೂ ಕೇಳ್ತಾರೆ ಅಮ್ಮಾ" ಎಂದರು. ಇಲ್ಲೇ ಹತ್ತಿರದ ಕೆಂಟ್‌ನಲ್ಲಿರುವ, ಮಂಗಳೂರು ಕಡೆಯ ವಕೀಲೆ ಶಾಲೆಟ್, ಕರಾರು ಓದಿ ಹಣೆ ಚಚ್ಚಿಕೊಂಡಳು. "ಇಷ್ಟು ಅನ್ಯಾಯದ ಷರತ್ತು ಕೋರ್ಟಲ್ಲಿ ನಿಲ್ಲುದಿಲ್ಲ ಆಂಟಿ. ಆದ್ರೆ ಅದನ್ನ ಹೇಳಿಸ್ಲಿಕ್ಕೆ ನೀವು ಕೋರ್ಟಿಗೇ ಹೋಗ್ಬೇಕು." ಈ ವಯಸ್ಸಿನಲ್ಲಿ, ಮಗನಂಥವರ ಜೊತೆ ಕೋರ್ಟು ಹತ್ತಲೇ? ಮನಸ್ಸು ಬರಲಿಲ್ಲ.

ನಾನು ಕೆಲಸ ಬಿಟ್ಟ ಮೇಲೆ, ಮೊನ್ನೆ ಸಿರಿ ಅಡುಗೆಮನೆಯಲ್ಲಿ ತೋಡಿ ರಾಗ ಹಾಡುತ್ತಿದ್ದಳು. ತೂಗಬೇಕಾದ ಗಾಂಧಾರ ಸ್ವರವನ್ನು ನೆಟ್ಟಗೆ ನಿಲ್ಲಿಸಿಬಿಟ್ಟಳು. "ಅಜ್ಜಿ, ವಾಸ್ ದಟ್ ರೈಟ್?" ಎಂದಳು. ತಿದ್ದಿದರೆ ಪಾಠವಾದೀತೆಂದು ನಾನು ಸೊಪ್ಪು ಬಿಡಿಸುತ್ತಾ, "ಚೆನ್ನಾಗಿದೆ ಕಣೇ" ಎಂದೆ. ಮಗುವಿಗೆ ಸುಳ್ಳು ಹೇಳಿದೆ. ಓದದೆ ಸಹಿ ಹಾಕಿದ್ದಕ್ಕಿಂತ ಅದು ನನಗೆ ಹೆಚ್ಚು ನೋಯುತ್ತಿದೆ. ಇವತ್ತು ಪ್ರಾರ್ಥನೆಯಲ್ಲೂ ಅವಳು ಹಾಗೆಯೇ ಹಾಡಿದಳು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ.

ಸಿರಿ, ಎದ್ದು ನಿಂತ್ಕೊ ಪುಟ್ಟಿ. ಆ ಗಾಂಧಾರ ತಪ್ಪು. ಅಜ್ಜಿ ಅವತ್ತೇ ಹೇಳ್ಬೇಕಿತ್ತು. ರಿಷಭದಿಂದ ಎಳ್ದು ತೂಗು, ಹೆದರ್ಬೇಡ. ಹಾಂ. ಇನ್ನೊಂದ್ ಸಲ. ಈಗ ಸರಿಯಾಯ್ತು.

ಚೇತನ್ ಅವರೇ, ನಾನು ಈಗ ಮಾಡಿದ್ದು ಪಾಠವೇ. ನಾಳೆಯೂ ಮಾಡುತ್ತೇನೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ವಂದನೆ, ನಮಸ್ಕಾರ.