ಹಿಂಡಿನ ಹಿಂದಿನ ನಾಯಿ

ನೋಡಿ, ಒಂದೂರಿನ ಸಾಹುಕಾರನಿಗೆ ದೊಡ್ಡ ಮನೆ ಇತ್ತು, ಕುರಿಹಿಂಡೂ ಇತ್ತು. ಆದರೆ ಹಿಂಡು ಮೇಯುವ ಅಡವಿಗೆ ಅವನು ಒಂದು ದಿನವೂ ಕಾಲಿಟ್ಟವನಲ್ಲ. ಬಿಸಿಲು, ನೋಡಿ, ಸಾಹುಕಾರರಿಗೆ ಆಗಿಬರುವುದಿಲ್ಲ. ಹೀಗಾಗಿ ಒಬ್ಬ ಚಿತ್ರಗಾರನನ್ನು ಕರೆಸಿ, "ನನ್ನ ಹಿಂಡಿನ ಚಿತ್ರಾ ಪಡಸಾಲಿ ಗ್ವಾಡಿ ಮ್ಯಾಲ ತಗಿ. ಕುಂತಲ್ಲೇ ನೋಡ್ತೀನಿ" ಅಂದ.

ಚಿತ್ರಗಾರ ಅಡವಿಗೆ ಹೋದ, ಕಂಡದ್ದನ್ನು ಬಂದು ಗೋಡೆಯ ಮೇಲೆ ಬರೆದ. ಮುಂದೆ ಕಂಬಳಿ ಹೊದ್ದ ಕುರಿಗಾಹಿ, ನಡುವೆ ಕುರಿಗಳು, ಎಲ್ಲಕ್ಕೂ ಹಿಂದೆ ಒಂದು ಕುಂಟು ಕುರಿ, ಅದರ ಪಕ್ಕದಲ್ಲಿ ಬಾಲ ಇಳಿಬಿಟ್ಟ ನಾಯಿ. ಸಾಹುಕಾರನ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು.

"ನನ್ನ ನಾಯಿ ಕುಂಟು ಕುರಿ ಸಂಗಾಟ ಹಿಂದ ಯಾಕ? ಮುಂದ ತಗಿ. ಎದಿ ಉಬ್ಬಿಸಿ ನಿಂದರಸು."

ಚಿತ್ರಗಾರ ಹಿಂದಿನ ನಾಯಿಯನ್ನು ಅಳಿಸಿ, ಮುಂದೆ ಹುಲಿಯಂಥ ನಾಯಿ ಬರೆದ. ನೋಡಿದವರೆಲ್ಲ ಹೊಗಳಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಾಹುಕಾರ ಕುರಿಗಾಹಿಯನ್ನು ಕರೆದು, "ನಾಳಿಂದ ನಾಯಿ ಹಿಂಗ ಮುಂದ ನಡೀಬೇಕು ನೋಡು" ಎಂದ. ಕೇಳಿದಿರಾ? ನಾಯಿಯ ಹಾಗೆ ಚಿತ್ರ ಇರಬೇಕೋ, ಚಿತ್ರದ ಹಾಗೆ ನಾಯಿ ಇರಬೇಕೋ?

"ಅದು ಹಿಂದ ಬರೂ ನಾಯಿರಿ ಸಾವ್ಕಾರ್ರ, ಕರದ್ರೂ ಮುಂದ ಬರಂಗಿಲ್ರಿ" ಎಂದ ಕುರಿಗಾಹಿ.

"ಹಗ್ಗಾ ಹಾಕಿ ಜಗ್ಗು."

ಉಣ್ಣುವ ಅನ್ನ ಸಾಹುಕಾರನದು. ಕುರಿಗಾಹಿ ಏನು ಮಾಡಿಯಾನು? ಹಗ್ಗ ಹಾಕಿ ಎಳೆದ. ನಾಯಿ ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತ ನಡೆಯಿತು. ಸಂಜೆ ಹಿಂಡು ಹಟ್ಟಿಗೆ ಬಂದಾಗ ಕುಂಟು ಕುರಿ ಇರಲಿಲ್ಲ. ದಿನ ತುಂಬಿದ ಗಬ್ಬದ ಕುರಿ. ಅಡವಿಯಲ್ಲಿ ತೋಳ ಬೇರೆ. ಅದನ್ನು ಮರಿಯಿದ್ದಾಗಿನಿಂದ ಮಗಳಂತೆ ಸಾಕಿದವಳು ಕುರಿಗಾಹಿಯ ಹೆಂಡತಿ. ಅವಳು ಅಳುತ್ತ ನೆಟ್ಟಗೆ ಪಡಸಾಲೆಗೇ ಬಂದಳು.

"ನಿಮ್ಮ ಗ್ವಾಡಿ ಮ್ಯಾಲಿನ ನಾಯಿನ್ನ ಕಳಸ್ರಿ ಯಪ್ಪಾ, ನನ್ನ ಕುರಿ ಹುಡುಕ್ಕೊಂಡ್ ಬರ್ಲಿ."

ಸಾಹುಕಾರನಿಗೆ ನಾಚಿಕೆಯಾಯಿತು. ತಾನೇ ಎದ್ದು ಹೋಗಿ ನಾಯಿಯ ಹಗ್ಗ ಬಿಚ್ಚಿದ. ಅದು ಓಡಿದ್ದೇ ಓಡಿದ್ದು. ಇವನೂ ಧೋತರ ಎತ್ತಿ ಕಟ್ಟಿ, ಏದುಸಿರು ಬಿಡುತ್ತ ಹಿಂದೆ ಓಡಿದ. ಹಳ್ಳದ ದಂಡೆಯಲ್ಲಿ ಕುರಿ ಮಲಗಿತ್ತು, ಆಗಷ್ಟೇ ಈದಿತ್ತು. ಕಾವಲು ಕೂತ ನಾಯಿ ಸಾಹುಕಾರನಿಗೇ ಗುರ್ ಅಂದಿತು. ಅವನು ಒದ್ದೆ ಮರಿಯನ್ನು ಜರಿ ಶಲ್ಯದಲ್ಲಿ ಸುತ್ತಿ ಎತ್ತಿಕೊಂಡ. ಕುರಿ ಕುಂಟುತ್ತ ಬಂತು, ನಾಯಿ ಅದಕ್ಕಿಂತ ಹಿಂದೆ. ಮರುದಿನ ಚಿತ್ರಗಾರನಿಗೆ ಮತ್ತೆ ಕರೆ ಹೋಯಿತೆಂದು ಬೇರೆ ಹೇಳಬೇಕೆ?

ನಗುತ್ತಿದ್ದೀರಿ, ನಗಿ. ಈಗ ನಿಮ್ಮ ವಿಷಯಕ್ಕೆ ಬರೋಣ. ಇವತ್ತು ಈ ಪ್ರವಚನಕ್ಕೆ ಮುಂದಿನ ಜಮಖಾನ ಹಿಡಿಯಲು ಯಾರು ಯಾರು ಹೇಗೆ ಓಡಿಬಂದಿರಿ, ನಾನು ಇಲ್ಲಿಂದಲೇ ನೋಡಿದೆ. ಮೊಣಕಾಲು ನೋಯುವ ಅತ್ತೆಯ ಕೈ ಹಿಡಿದು ಬಂದ ಆ ತಾಯಿ ಬಾಗಿಲಲ್ಲಿ ಕೂತಿದ್ದಾರೆ. ಅವರು ಬಂದಾಗ, ಇಷ್ಟು ತಡವೇ ಎಂದು ತಿರುಗಿ ನೋಡಿದವರು ನೀವಲ್ಲವೇ?

ಪ್ರಸಾದ ತೆಗೆದುಕೊಂಡು ಹೊರಟಾಗ ನಿಮ್ಮ ಚಪ್ಪಲಿ ಆಮೇಲೆ ಹುಡುಕಿ. ನಿಮ್ಮ ಮನೆಯಲ್ಲಿ ಬಗ್ಗಲಾರದವರ ಚಪ್ಪಲಿ ಮೊದಲು ಹುಡುಕಿ, ಕಾಲಿಗೆ ಹಾಕಿ. ಅವರ ನಡಿಗೆಯಲ್ಲೇ ನಡೆದು ಮನೆ ಮುಟ್ಟಿ. ನಾಳೆಯೂ ಹಾಗೇ, ನಾಡಿದ್ದೂ ಹಾಗೇ. ಊಟ ಸ್ವಲ್ಪ ಆರುತ್ತದೆ, ಆರಲಿ ಬಿಡಿ.