ಒಣಗಿದ ಚೀಲ, ಒಣಗದ ಗೋಡೆ

ಮಾನ್ಯ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ದೈಹಿಕ ಶಿಕ್ಷಕ ಚಾಂದಸಾಬ ಮಾಸ್ತರರೇ, ಬ್ಯಾಡಗಿಯ ಸಭಿಕರೇ, ಕೊನೆಯ ಸಾಲಿನಲ್ಲಿ ನನ್ನ ಎಂಟು ತಿಂಗಳ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿರುವ ನಮ್ಮ ಅತ್ತೆ ರೇಣುಕವ್ವನವರೇ,

ಎಂಟು ತಿಂಗಳಿಂದ ನನಗೆ ಸರಿಯಾದ ನಿದ್ದೆಯಿಲ್ಲ. ಮಾತು ದಾರಿ ತಪ್ಪಿದರೆ ಕ್ಷಮಿಸಬೇಕು.

ನಾನು ಬಿ.ಎಸ್ಸಿ. ಓದುವಾಗ ಮಾಸ್ತರರು ಪ್ರತಿ ಭಾನುವಾರ ಈ ಶಾಲೆಯ ಫುಟ್ಬಾಲ್ ಹುಡುಗರ ಬಲ, ಜಿಗಿತ ಅಳೆಯುತ್ತಿದ್ದರು. ಟೇಪು ಹಿಡಿಯುವುದು, ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಬಲ ಅಳೆಯಲು ನಮ್ಮಲ್ಲಿ ಯಾವ ಯಂತ್ರವಿತ್ತು? ದಲಾಲಿ ಅಂಗಡಿಯಿಂದ ತಂದ ಒಂದು ಮೆಣಸಿನಕಾಯಿ ಚೀಲ. ಅದನ್ನು ಹೊತ್ತು ನಿಮಿಷಕ್ಕೆ ಎಷ್ಟು ಬೈಠಕ್ ಹೊಡೆಯುತ್ತಾರೆಂದು ಎಣಿಸುವುದು. ಹನ್ನೆರಡಕ್ಕೇ ಏದುಸಿರು ಬಿಡುತ್ತಿದ್ದ ಗೋಲ್‌ಕೀಪರ್ ಫಕ್ಕೀರೇಶ ತಿಂಗಳೊಳಗೆ ಹದಿನೆಂಟಕ್ಕೆ ಬಂದ. ಮಾಸ್ತರರು ಹಿಗ್ಗಿ ಎಲ್ಲರಿಗೂ ಮಿರ್ಚಿ-ಮಂಡಕ್ಕಿ ತಿನ್ನಿಸಿದರು. ನನಗೆ ಸಂಶಯ. ಚೀಲವನ್ನೇ ತೂಗಿಸಿದೆ. ನಲವತ್ತು ಕಿಲೋ ಇದ್ದದ್ದು ಮೂವತ್ತೈದಾಗಿತ್ತು. ತುಂಬುವಾಗ ಕಾಯಿ ಮುರಿಯದಿರಲೆಂದು ನೀರು ಚಿಮುಕಿಸುವುದು ಬ್ಯಾಡಗಿಯವರಾದ ನಮಗೇ ನೆನಪಾಗಲಿಲ್ಲವಲ್ಲ?

"ಸರ್, ಹುಡುಗರಿಗೆ ಶಕ್ತಿ ಬಂದಿಲ್ಲರಿ. ಚೀಲ ಒಣಗೇತಿ," ಎಂದೆ.

ಮಾಸ್ತರರು ಚೀಲವನ್ನೊಮ್ಮೆ, ಫಕ್ಕೀರೇಶನನ್ನೊಮ್ಮೆ ನೋಡಿದರು. "ಮಿರ್ಚಿ ತಿನ್ನೂದ್ರೊಳಗ ಹೇಳಬಾರದೇನವಾ?"

ಅಂದಿನಿಂದ ಚೀಲಕ್ಕೆ ಉಸುಕು ತುಂಬಿದೆವು. ಜಿಗಿತಕ್ಕೆ ಮಾತ್ರ ಮೊದಲಿನದೇ ಗೋಡೆ. ಬೆರಳಿಗೆ ಸೀಮೆಸುಣ್ಣ ಹಚ್ಚಿ, ನಿಂತು ಒಂದು ಗುರುತು, ಜಿಗಿದು ಒಂದು ಗುರುತು. ನಡುವಿನ ಅಂತರವೇ ಜಿಗಿತ.

"ಗೋಡಿ ಒಣಗಂಗಿಲ್ಲ. ನೀನೂ ಒಮ್ಮೆ ಜಿಗಿ, ನೋಡೋಣು," ಎಂದರು ಮಾಸ್ತರರು.

ಜಿಗಿದೆ. ನಲವತ್ತೊಂದು ಸೆಂಟಿಮೀಟರ್. ಫಕ್ಕೀರೇಶನದು ನಲವತ್ತು. "ನಿನ್ನ ಕೈ ಉದ್ದ ಅದಾವ ಬಿಡಕ್ಕ," ಎಂದ. ಉದ್ದನೆಯ ಕೈ ನಿಂತಾಗಲೂ ಉದ್ದವೇ ಅಲ್ಲವೇ? ಇಲ್ಲೇ ಕುಳಿತಿದ್ದಾನೆ, ಕೇಳಿ.

ಮದುವೆಯಾಗಿ ರಾಣೆಬೆನ್ನೂರಿಗೆ ಹೋದೆ. ಈಗ ಮಗಳು ಸೀನಿದರೂ ಎದ್ದು ಕೂರುತ್ತೇನೆ. ಮಲಗಿದ ಕೂಸು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ. ಅದೇ ಬೆರಳು. ಒಮ್ಮೊಮ್ಮೆ ಅದಕ್ಕೆ ಸೀಮೆಸುಣ್ಣದ ವಾಸನೆ ಬಂದಂತಾಗುತ್ತದೆ.

ಹೋದ ವಾರ ಮಾಸ್ತರರು ಫೋನು ಮಾಡಿ, "ಭಾನುವಾರದ ಪುಸ್ತಕ ಇನ್ನ ನೀ ಹಿಡೀತಿಯೇನವಾ?" ಎಂದು ಕೇಳಿದರು. "ಕೂಸು ಸಣ್ಣದೈತ್ರಿ ಸರ್," ಎಂದೆ. ಕೂಸು ಸಣ್ಣದು, ನಿಜ. ಆದರೆ ಅದು ಉತ್ತರವಾಗಿರಲಿಲ್ಲ.

ಅತ್ತೆಯವರೇ, ಸೆರಗಿಗೆ ಬಿಳಿ ಪುಡಿ ಹೇಗೆ ಮೆತ್ತಿತೆಂದು ಆಗಲೇ ಕೇಳಿದಿರಿ. ನೀವು ಕೂಸಿಗೆ ಗಂಜಿ ಕುಡಿಸುವಾಗ ನಾನು ಆ ಗೋಡೆಯ ಬಳಿ ಹೋಗಿದ್ದೆ. ಹಳೆಯ ಗುರುತುಗಳೆಲ್ಲ ಹೊಸ ನೀಲಿ ಬಣ್ಣದ ಕೆಳಗೆ ಹೋಗಿವೆ. ಸೀರೆ ಎತ್ತಿ ಕಟ್ಟಿ ಜಿಗಿದೆ. ಇಪ್ಪತ್ತಾರು.

ಮಾಸ್ತರರೇ, ಪುಸ್ತಕ ಕೊಡಿ. ಹೊಸ ಪುಟದ ಮೊದಲ ಸಾಲನ್ನು ನಾನೇ ಬರೆಯುತ್ತೇನೆ. ಭಾನುವಾರ ಮಗಳನ್ನೂ ಎತ್ತಿಕೊಂಡು ಬರುತ್ತೇನೆ; ಇಷ್ಟು ಜನರೆದುರು ಅತ್ತೆಯವರು ಬೇಡವೆನ್ನಲಾರರು.

ಕೂಸು ಎದ್ದಂತಿದೆ, ಇಳಿಯುತ್ತೇನೆ. ಹೊಸ ಬಣ್ಣ ಕೆಡಿಸಿದರೆಂದು ಹುಡುಗರನ್ನು ಬೈಯಬೇಡಿ. ಆ ಎರಡು ಬೆರಳ ಗುರುತುಗಳು ನನ್ನವು. ಭಾನುವಾರದವರೆಗೆ ಯಾರೂ ಒರೆಸಬೇಡಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ.