ಕನ್ನಡಕದ ಸೂತಕ

“ಹಲೋ... ಯಾರು ಮಾತಾಡೂದು?... ಹಾಂ, ಉಮಾಮಹೇಶ್ವರ ಸರಾ. ಅಲ್ಲ ಸರ್, ಫೋನು ಮಾತ್ರ ಅಮೃತ್‌ದು. ನಾನು ವೈಶಾಲಿ. ಹೆದರಬೇಡಿ.”

ಅಮೃತನ ದಹನವಾದ ಮೇಲೆ ನೆಂಟರಿಲ್ಲದ ಮೊದಲ ಬೆಳಗು ಅದು. ವೈಶಾಲಿ ಮಿಂದು, ಅವಲಕ್ಕಿ ಕಲಸಿಕೊಂಡು ತಿಂದಾಗಿತ್ತು. ಗಂಡಹೆಂಡತಿ ಇಬ್ಬರೂ ಸಂಶೋಧನೆ ಮಾಡುತ್ತಿದ್ದ ಕಾರವಾರದ ಭೌತಶಾಸ್ತ್ರ ವಿಭಾಗಕ್ಕೆ ಮಿಡಿತ ಮಿಡಿತವಾಗಿ ಬೆಳಕು ಚೆಲ್ಲುವ ಪಲ್ಸ್ಡ್ ಲೇಸರ್ ಕೊಳ್ಳಬೇಕೋ ಬೇಡವೋ ಎಂಬುದನ್ನು ಖರೀದಿ ಸಮಿತಿ ಅಂದೇ, ಅದನ್ನು ಹಚ್ಚಿಸಿ ನೋಡಿ ತೀರ್ಮಾನಿಸಲಿತ್ತು. ಫೋನು ಮಾಡಿದವರು ವಿಭಾಗದ ಮುಖ್ಯಸ್ಥರು.

“ಕನ್ನಡಕವಾ?... ಹೌದು, ಲೇಸರ್ ಹಚ್ಚುವಾಗ ಹಾಕೂದು. ನಿಮ್ಮದೇ. ಅಮೃತ್ ಕೇಳಿ ತಂದಿದ್ದು... ಅದಿಲ್ಲದವರನ್ನು ಲೇಸರ್ ಕಂಪನಿಯ ಎಂಜಿನಿಯರ್ ಲ್ಯಾಬಿನೊಳಗೆ ಬಿಡೂದಿಲ್ಲ ಅಂತನಾ? ನಿಮ್ಮನ್ನೂ?... ಪಾಪ.”

“ಪ್ಯೂನ್ ಜಗದೀಶನ್ನ ಮನೆಗೆ ಕಳಿಸ್ತೀರಾ?... ಬೇಡ ಸರ್, ಕೊಡಲಿಕ್ಕೆ ಬರೂದಿಲ್ಲ. ಸೂತಕ ಅಲ್ವಾ.”

“... ನಿನ್ನೆ ನೀವೇ ಹೇಳಿದ್ದಲ್ವಾ, ಸೂತಕದವರು ಖರೀದಿ ಸಮಿತಿ ಎದುರು ಬರೂದು ಬೇಡ ಅಂತ? ಹಾಗಾದರೆ ಸೂತಕದ ಮನೆ ಕನ್ನಡಕ ಹೇಗೆ ಬರ್ತದೆ? ಅದು ನಿಮ್ಮ ಮೂಗಿನ ಮೇಲೇ ಕೂರೂದು ಬೇರೆ.”

“ತೊಳೆದರೆ ಆಗ್ತದಾ?... ಹಾಗಾದರೆ ನಾನೂ ಮಿಂದಿದ್ದೇನೆ ಸರ್.”

“... ಸದ್ದಾ? ಬಸ್ಸು. ರಸ್ತೆ ಅಂದಮೇಲೆ ಬಸ್ಸು ಓಡಾಡ್ತದೆ.”

“ನಗೂದಲ್ಲ, ಕೇಳಿ. ಇವತ್ತು ಲೇಸರ್ ಬಿಟ್ಟು ತೋರಿಸೂ ಹರಳು ಬೆಳೆಸಿದ್ದು ನಾನು, ಅಮೃತ್ ಇಬ್ಬರೇ. ಬೆಳಕಿನ ಒಂದೊಂದು ಮಿಡಿತ ಎಷ್ಟು ಜೋರಿರಬೇಕು ಅಂತ ಈಗ ನನಗೊಬ್ಬಳಿಗೇ ಗೊತ್ತು. ಹೆಚ್ಚಾದರೆ ಹರಳು ಒಡೀತದೆ. ಸಮಿತಿಯವರು ಈ ಲೇಸರೇ ಬೇಡ ಅಂತ ಬರೆದು, ಚಹಾ ಕುಡಿದು ಹೋಗ್ತಾರೆ. ಆಮೇಲೆ ನಮ್ಮ ಕೆಲಸ ಅಲ್ಲಿಗೇ ನಿಲ್ತದೆ. ಅಲ್ವಾ?”

“... ಇದ್ದೇನೆ ಸರ್. ಯೋಚನೆ ಮಾಡಿ.”

“... ಬರಲಾ?... ಸ್ವಲ್ಪ ಜೋರಾಗಿ ಹೇಳಿ, ಸಮಿತಿಯವರಿಗೂ ಕೇಳಲಿ... ಹಾಂ. ಹಚ್ಚಿ ತೋರಿಸೂದು ನಾನೇ, ಅಲ್ವಾ?... ಅಲ್ವಾ ಸರ್?”

“... ಆಯ್ತು... ಅಂಕೋಲೆ ಮನೆಯಿಂದ ಬರಲಿಕ್ಕೆ ಎಷ್ಟು ಹೊತ್ತು ಬೇಕು ಅಂತನಾ?... ವಿಭಾಗದ ಬಾಗಿಲು ತೆಗೀರಿ. ಹೊರಗೇ ನಿಂತಿದ್ದೇನೆ.”

ಫೋನು ಕಡಿಯಿತು. ಬಾಗಿಲು ತೆರೆಯಿತು. ವೈಶಾಲಿಯ ಕನ್ನಡಕ ಆಗಲೇ ಅವಳ ಕೊರಳಲ್ಲಿ ತೂಗುತ್ತಿತ್ತು. ಇನ್ನೊಂದನ್ನು ಚೀಲದಿಂದ ತೆಗೆದಳು. ಅದರ ಪಟ್ಟಿ ಅಮೃತನ ತಲೆಯ ಅಳತೆಗೆ ಬಿಗಿದಂತೆಯೇ ಇತ್ತು. ಅದನ್ನು ಸಡಿಲಿಸದೆ ಮುಖ್ಯಸ್ಥರ ಎದುರು ಹಿಡಿದಳು. ಅವರು ಒಂದು ಗಳಿಗೆ ತಡೆದು, ಎರಡೂ ಕೈ ಚಾಚಿದರು.